ನಮ್ಮ ಶಾಲೆಯ ಸೂರು

ಕೊಣನೂರು
14 ಮೇ 2025

ಚಂದ್ರಮೌಳಿಯವರಿಗೆ,

‘ಪ್ರೀತಿಯ’ ಎಂದು ಬರೆದಿದ್ದೆ. ಆ ಹಾಳೆ ಹರಿದುಹಾಕಿ ಬೇರೆ ತೆಗೆದುಕೊಂಡೆ. ನಿಮ್ಮ ಕ್ಷೇಮ ವಿಚಾರಿಸುವ ತಾಳ್ಮೆ ಇವತ್ತು ನನಗಿಲ್ಲ.

ನಮ್ಮ ಸರ್ಕಾರಿ ಕಲಾ ಪ್ರೌಢಶಾಲೆಯನ್ನು ಚನ್ನರಾಯಪಟ್ಟಣಕ್ಕೆ ಸ್ಥಳಾಂತರಿಸುವ ಆದೇಶ ನಿನ್ನೆ ಬಂತು. ಇಪ್ಪತ್ತಾರಕ್ಕೆ ಸಾಮಾನು ಸಾಗಿಸಲು ಲಾರಿ ಬರುತ್ತದಂತೆ. ‘ಕಟ್ಟಡ ಶಿಥಿಲ, ಮಕ್ಕಳ ಪ್ರಾಣಕ್ಕೆ ಅಪಾಯ’ ಎಂಬ ವರದಿಯ ಕೆಳಗೆ ನಿಮ್ಮ ಸಹಿ! ಹಾಸನದ ಇಂಜಿನಿಯರ್ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತು ಸಹಿ ಹಾಕುವ ಮುಂಚೆ ಒಮ್ಮೆ ಬಂದು ನೋಡಬೇಕು ಅನ್ನಿಸಲಿಲ್ಲವೇ? ಎಂಟು ವರ್ಷದಿಂದ ಇಲ್ಲಿ ನೃತ್ಯ ಕಲಿಸುತ್ತಿರುವವಳು ನಿಮ್ಮ ಹೆಂಡತಿ. ಫೋನಿನಲ್ಲಾದರೂ ಕೇಳಬಹುದಿತ್ತು. ಸೂರು ಒಂದು ಮೂಲೆಯಲ್ಲಿ ಸೋರುತ್ತದೆ, ನಿಜ. ಆದರೆ ನಲವತ್ತು ಮಕ್ಕಳು ಒಟ್ಟಿಗೆ ನೆಲಕ್ಕೆ ಕಾಲು ಬಡಿದು ತಟ್ಟಡವು ಹಾಕಿದರೂ ಚೂರು ಗಾರೆ ಉದುರಿಲ್ಲ. ಮೂರು ವರ್ಷದ ಹಿಂದೆ ನಿಮಗೆ ವರ್ಗವಾದಾಗ ಈ ಶಾಲೆ ಬಿಟ್ಟು ನಾನು ಬರಲಿಲ್ಲ. ಅದಕ್ಕೆ ಶಾಲೆಯನ್ನೇ ಎತ್ತಿಸಿಬಿಟ್ಟಿರಾ?

ಬೆಳಿಗ್ಗೆ ತಮ್ಮಯ್ಯ ಬಂದಿದ್ದರು, ನಮ್ಮಲ್ಲಿ ತಮಟೆ ಕಲಿಸುವವರು. ಊರಿನವರಿಗೆ ಅವರ ತಮಟೆ ಬೇಕು, ಅವರು ಜಗಲಿ ಹತ್ತುವುದು ಮಾತ್ರ ಬೇಡ. ನಮ್ಮ ಶಾಲೆಯಲ್ಲಿ ಅವರು ಕುರ್ಚಿಯಲ್ಲಿ ಕೂತು ಹಾಜರಿ ಕರೆಯುತ್ತಾರೆ. ಮೊಮ್ಮಗಳು ತೇಜಶ್ರೀ ಈ ವರ್ಷ ಹತ್ತನೇ ತರಗತಿ. ಹುಲ್ಲಿನ ಬೆಂಕಿಗೆ ತಮಟೆ ಕಾಯಿಸಿ, ಒಂದೇ ಪೆಟ್ಟಿಗೆ ಹದ ಬಂತೋ ಇಲ್ಲವೋ ಹೇಳುವ ಹುಡುಗಿ.

“ಅರಕಲಗೂಡಲ್ಲೊಂದ್ ಬಸ್ಸು, ಒಳೆನರಸೀಪುರದಲ್ಲಿನ್ನೊಂದ್ ಬಸ್ಸು. ಎಣ್ಣುಡ್ಗೀನ ದಿನಾ ಅಷ್ಟ್ ದೂರ ಎಂಗ್ ಕಳ್ಸಾದು ಮೇಡಮ್ಮೋರೆ? ಇಲ್ಲೇ ಬ್ಯಾರೆ ಇಸ್ಕೂಲ್ಗಾಕ್ತೀನಿ. ತಮಟೆ ಇಲ್ಲಿಗೇ ಸಾಕ್ ಮಾಡ್ಲಿ” ಎಂದರು. ತೇಜಶ್ರೀ ಬಾಗಿಲಾಚೆ ತಲೆ ತಗ್ಗಿಸಿ ನಿಂತಿದ್ದಳು.

ಅಂಥ ಸುಳ್ಳಿಗೆ ಯಾವ ಮನಸ್ಸಿನಿಂದ ಸಹಿ ಹಾಕಿದಿರಿ?

ಕಾಗದಪತ್ರದಲ್ಲಿ ಇನ್ನೂ ನಿಮ್ಮ ಹೆಂಡತಿಯಾಗಿರುವ,
ನೀಲಾಂಬಿಕೆ

ಮ.ವಿ.: ಇದು ಮರೆತು ಬಿಟ್ಟ ಮಾತಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಿಮ್ಮ ವರದಿಗೆ ಆಧಾರವಾದ ರಿಪೇರಿ ಅರ್ಜಿಯಲ್ಲಿ ಸಹಿ ಮುಖ್ಯಶಿಕ್ಷಕರದ್ದು, ಅಕ್ಷರ ನನ್ನದು. ‘ಸೋರುತ್ತದೆ ಅಂದರೆ ಫೈಲು ಕದಲುವುದಿಲ್ಲ, ಬೀಳುತ್ತದೆ ಅಂತಲೇ ಬರೆಯಬೇಕು’ ಎಂದು ಮದುವೆಯಾದ ಹೊಸತರಲ್ಲಿ ಹೇಳಿಕೊಟ್ಟವರು ನೀವೇ. ಹಾಗೇ ಬರೆದೆ. ನನ್ನ ಅಕ್ಷರ ಕಂಡೇ ನಂಬಿದಿರೇನೋ ಎಂದುಕೊಂಡರೆ ಸಿಟ್ಟು ಇನ್ನೂ ಏರುತ್ತದೆ, ಯಾರ ಮೇಲೆ ಎಂದು ಕೇಳಬೇಡಿ. ಬರುವ ಸೋಮವಾರ ನಿಮ್ಮ ಕಚೇರಿಗೆ ಬಂದು, ಬರೆದದ್ದು ಸುಳ್ಳು ಎಂದು ಸಹಿ ಹಾಕಿ ಕೊಡುತ್ತೇನೆ. ಕೆಲಸ ಹೋದರೆ ಹೋಗಲಿ. ಈ ಸಲ ನನ್ನ ಅಕ್ಷರವನ್ನು ನಂಬಬೇಡಿ, ಜೊತೆಯಲ್ಲಿ ಬಂದು ಸೂರು ನೋಡಿ.