ಅಕ್ಕ ಅಲ್ಲಿ, ನೀನಿಲ್ಲಿ, ಆಟ ಒಂದೇ

ಹರಿತಾ,

ನೀನು ಪರಿಗಿ ಅಜ್ಜಿ ಮನೆಯಿಂದ ಬರೋ ಹೊತ್ಗೆ ನಾನು ಕಲ್ಯಾಣದುರ್ಗದ ಬಸ್ ಹತ್ತಿರ್ತೀನಿ. ನಾಳೆನೇ ಅಲ್ಲಿ ಟೀಚರಾಗಿ ಸೇರ್ಬೇಕು.

"ಅಕ್ಕ ಹೋದ್ರೆ ಕಂಪ್ಯೂಟರ್ ಪೂರಾ ನಂದೇ" ಅಂದ್ಯಂತೆ. ಆಮೇಲೆ ಬಚ್ಚಲಲ್ಲಿ ಅಳ್ತಿದ್ಯಂತೆ. ಅಮ್ಮ ಎಲ್ಲಾ ಹೇಳಿದ್ಳು.

ಅಳಬ್ಯಾಡ ಕಣೇ. ನಮ್ಮ ಹಳೇ ಗನ್ ಆಟ ಹೊಸದಾಗೈತೆ! ನೆಟ್ ಸೆಂಟರ್ ಮುರಳಿ ಒಂದು ಸಿ.ಡಿ. ಕೊಟ್ಟ, ನಮ್ಮ ಕಂಪ್ಯೂಟರ್ಗೆ ಹಾಕಿದೀನಿ. ಆ ಆಟದ ಹುಚ್ಚಿರೋರು ಯಾವ್ಯಾವ್ದೋ ದೇಶದಾಗೆ ಕೂತು, ಕಂಪನಿಯೋರು ಕೈಬಿಟ್ಟಿದ್ದನ್ನ ತಾವೇ ತಿದ್ದವ್ರೆ. ಅದಕ್ಕೆ 'ಮಾಡ್' ಅಂತಾರಂತೆ. ಮಸುಕಾಗಿದ್ದ ಗೋಡೆನಾಗೆ ಈಗ ಇಟ್ಟಿಗೆ ಎಣಿಸ್ಬೋದು. ರಾಕ್ಷಸರ ಹಲ್ಲೂ ಕಾಣ್ತವೆ. ಆದ್ರೂ ನಮ್ಮ ಡಬ್ಬಾ ಕಂಪ್ಯೂಟರ್ ಒಂದ್ಸಲಾನೂ ನಿಲ್ಲಲಿಲ್ಲ.

ಅಸಲು ಸಂಗತಿ ಬೇರೆ ಐತೆ. "ಇದ್ದರೂ ಕಲಿಸಿ ಆಡೊಚ್ಚಕ್ಕಾ" ಅಂದ ಮುರಳಿ, ತೆಲುಗಿನಾಗೆ. ಒಬ್ಬರೇ ಆಡ್ತಿದ್ದ ಆಟಾನ ಇಬ್ಬರೂ ಒಟ್ಟಿಗೆ ಆಡ್ಬೋದಂತೆ, ನಾನು ಅಲ್ಲಿಂದ, ನೀನು ಹಿಂದೂಪುರದಿಂದ! ಬೆಳಿಗ್ಗೆ ಅವನು ಅಂಗಡಿಯಿಂದ, ನಾನು ಮನೆಯಿಂದ ಆಡಿ ನೋಡಿದ್ವಿ. ಸ್ಕ್ರೀನಾಗೆ ಅವನು ನನ್ನ ಪಕ್ಕಕ್ಕೆ ಬಂದು ನಿಂತ್ಕಂಡಾಗ ಖುಷಿಗೆ ಕಿರುಚ್ಬುಟ್ಟೆ. ಏನಾಯ್ತೋ ಅಂತ ಅಮ್ಮ ಓಡಿ ಬಂದ್ಳು, ಹಾಲು ಉಕ್ಕೋಯ್ತು. ಸ್ಟವ್ ಒರೆಸೋಕೆ ಟೈಮಾಗಲಿಲ್ಲ, ನೀನೇ ಒರೆಸ್ಬುಡು, ಬೈಬ್ಯಾಡ.

ಬರೋ ಭಾನುವಾರ ಸಾಯಂಕಾಲ ಅಲ್ಲಿನ ನೆಟ್ ಸೆಂಟರ್ನಾಗೆ ಕೂತಿರ್ತೀನಿ. ಹಳೇ ಆಟದ ಫೋಲ್ಡರ್ ಅಳಿಸ್ಬ್ಯಾಡ, ಅದಿಲ್ದೆ ಹೊಸದು ಓಡಲ್ಲ. ಕೆಂಪು ಐಕಾನ್ ಒತ್ತು, ನನ್ನ ಹೆಸರು ಕಂಡ ತಕ್ಷಣ ಸೇರ್ಕೊ.

ನೀನು ಯಾವಾಗ್ಲೂ ಒಬ್ಬಳೇ ಮುಂದೆ ಓಡಿ ಸಾಯ್ತೀಯ. ಈ ಸಲ ಮೊದಲ್ನೇ ಬಾಗಿಲ ತಾವ ನಿಂತ್ಕೊ. ನಾನೂ ಬತ್ತೀನಿ, ಜೊತೆಗೆ ಒಳಗೆ ಹೋಗಾನ.

ತನುಜಕ್ಕ