ದುರ್ಬೀನಮ್ಮ ನೋಡದ ಹಸಿರು ಶಾಲು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಾನು ಇಲ್ಲಿ ಕ್ಷೇಮ. ನೀನೂ ಅಲ್ಲಿ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯುವುದು ವಾಡಿಕೆ. ನಾನು ನಂಬಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಫೋನು ಬಿಟ್ಟು ಇದೇನು ಕಾಗದ ಎಂದು ಮೂಗು ಮುರಿಯಬೇಡ. ಕಾರಣ ಇದೆ, ಆಮೇಲೆ ಹೇಳುತ್ತೇನೆ.

ಮೊದಲು ನಮ್ಮ ಧಾರಾವಾಹಿಯ ವಿಷಯ. ಸತ್ತ ಅಜ್ಜಿಯೊಬ್ಬಳು ಮನೆ ಬಿಟ್ಟು ಹೋಗದೆ ಮೆಟ್ಟಿಲ ಮೇಲೆ ಕಾಣಿಸಿಕೊಳ್ಳುವ ಆ ಕಥೆಯನ್ನು ಉಳಿದವರೆಲ್ಲ ಹೆದರಿಕೊಂಡು ನೋಡುತ್ತಿದ್ದಾಗ, ಅವಳ ಶಾಲಿನ ಬಣ್ಣ ನೋಡಿದವಳು ನೀನೊಬ್ಬಳೇ. ಅಜ್ಜಿ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಶಾಲಿನಲ್ಲಿ ಕಾಣುತ್ತಾಳೆ, ಯಾರಿಗೆ ಹಸಿರು ಶಾಲಿನಲ್ಲಿ ಕಾಣುತ್ತಾಳೋ ಅವರು ಮನೆಯವರಿಂದ ಏನನ್ನೋ ಮುಚ್ಚಿಟ್ಟಿದ್ದಾರೆ ಎಂದು ನೀನು ಅಭಿಮಾನಿಗಳ ಗುಂಪಿನಲ್ಲಿ ಬರೆದೆ. ಅವಳು ಕಾಡಲು ಬಂದ ದೆವ್ವವಲ್ಲ, ಈ ಮನೆಯವರು ಒಬ್ಬರಿಗೊಬ್ಬರು ಮನಸ್ಸು ಬಿಚ್ಚಲಿ ಎಂದು ಕಾಯುತ್ತಿರುವ ಹಿರಿಯಳು ಎಂದೂ ಬರೆದೆ. ಮೊದಲು ನಕ್ಕರು. ಹಸಿರು ಶಾಲು ಕಂಡ ಚಿಕ್ಕ ಮಗ ಯಾರಿಗೂ ಹೇಳದೆ ಕೆಲಸ ಬಿಟ್ಟಿದ್ದಾನೆಂದು ಗೊತ್ತಾದ ಮೇಲೆ ನಕ್ಕವರ ಬಾಯಿ ಕಟ್ಟಿತು. ಅಂದಿನಿಂದ ಗುಂಪಿನಲ್ಲಿ ನಿನ್ನ ಹೆಸರು ದುರ್ಬೀನಮ್ಮ. ನಾನು ದುರ್ಬೀನಮ್ಮನ ತಂಗಿ. ಆ ಪದವಿಯ ಮೇಲೆ ನಾನೂ ಸ್ವಲ್ಪ ಮೆರೆದಿದ್ದೇನೆ, ಸುಳ್ಳೇಕೆ.

ಈ ವಾರದ ಕಂತಿನಲ್ಲಿ ಅಜ್ಜಿ ಇಡೀ ಕುಟುಂಬದ ಮುಂದೆ ಹಸಿರು ಶಾಲು ಹೊದ್ದು ಬಂದು ಊಟದ ಮೇಜಿನ ಬಳಿ ಕುಳಿತಳು. ಎಲ್ಲರಿಗೂ ಒಟ್ಟಿಗೆ ಹಸಿರು. ಇದಕ್ಕಿಂತ ದೊಡ್ಡ ಸುಳಿವು ಈವರೆಗೆ ಬಂದಿಲ್ಲ. ಗುಂಪಿನವರೆಲ್ಲ ನಿನ್ನ ಬರಹಕ್ಕೆ ಬಾಯಿ ಬಿಟ್ಟುಕೊಂಡು ಕಾದರು. ನೀನು ಬರೆದದ್ದೇನು? ಹಿಂದಿನ ಕೋಣೆಯಲ್ಲಿ ನಲ್ಲಿ ತೊಟ್ಟಿಕ್ಕುವ ಸದ್ದಿನ ಬಗ್ಗೆ. ಮನೆಯವರು ನಿಜ ಹೇಳುವಾಗ ತೊಟ್ಟಿಕ್ಕುತ್ತದೆ, ಸುಳ್ಳು ಹೇಳುವಾಗ ನಿಲ್ಲುತ್ತದೆ ಎಂದು ಉದ್ದಕ್ಕೆ ಬರೆದೆ. ಶಾಲಿನ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ.

ನನಗೆ ಮೊದಲು ಅನುಮಾನ ಬಂದದ್ದು ಭಾವನ ಮೇಲೆ. ನಲ್ಲಿ, ಪೈಪು ರಿಪೇರಿ ಮಾಡುವವರಿಗೆ ದೆವ್ವದ ಮನೆಯಲ್ಲೂ ಸೋರುವುದೇ ಕೇಳಿಸುತ್ತದೆ. ನಿನ್ನ ಫೋನು ಅವರ ಕೈಗೆ ಹೋಗಿದೆ, ನಿಮ್ಮಿಬ್ಬರಿಗೆ ಜಗಳವಾಗಿದೆ, ನೀನು ಮುನಿಸಿಕೊಂಡು ಮಲಗಿದ್ದೀಯ ಎಂದೆಲ್ಲ ಊಹಿಸಿದೆ. ಆದರೆ ತಲೆಕೆಳಗಾಗಿ ನಿಂತರೂ ಭಾವನಿಗೆ ಅಷ್ಟುದ್ದ ಬರೆಯಲು ಬಾರದು. ಜೊತೆಗೆ, ನಡುವೆ ಆ ಮನೆಯ ಸೊಸೆಯನ್ನು ಬೈದ ರೀತಿ ಅಪ್ಪಟ ನಿನ್ನದು.

ಹಾಗಾಗಿ ನೀನು ಧಾರಾವಾಹಿಯನ್ನು ನೋಡುವ ಹಾಗೆ ನಾನು ನಿನ್ನ ಬರಹಗಳನ್ನು ನೋಡಲು ಕುಳಿತೆ. ಬಾಗಿಲು ಕಿರ್ರೆನ್ನುವುದು, ಅಜ್ಜಿಯ ಕೆಮ್ಮು, ಮೆಟ್ಟಿಲ ಮೇಲಿನ ಹೆಜ್ಜೆ. ಈಚೆಗೆ ಎಲ್ಲವೂ ಸದ್ದೇ. ಕನ್ನಡಿ, ದೀಪ, ಗೋಡೆಯ ಮೇಲಿನ ಫೋಟೊ ಯಾವಾಗಲೋ ಮಾಯವಾಗಿವೆ. ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಒಂದು ಕಡೆ "ಅರ್ಜಿ ಮೆಟ್ಟಿಲು ಇಳಿದು ಬಂದಳು" ಎಂದಿದೆ. ಇನ್ನೊಂದು ಕಡೆ ಸೊಸೆ ಹೋಗಿ ಸೊಸೈಟಿ ಆಗಿದ್ದಾಳೆ. ನನ್ನ ಮದುವೆಯ ಆಮಂತ್ರಣದಲ್ಲೂ ಒತ್ತಕ್ಷರದ ತಪ್ಪು ಹುಡುಕಿದವಳು ನೀನು. ಇದು ಬೆರಳಿನಿಂದ ಒತ್ತಿದ್ದಲ್ಲ, ಬಾಯಲ್ಲಿ ಹೇಳಿ ಫೋನಿನಿಂದ ಬರೆಸಿದ್ದು. ಆಮೇಲೆ ಓದಿ ತಿದ್ದಿಲ್ಲ. ಯಾಕೆ ತಿದ್ದಲಿಲ್ಲ?

ನೀನು ಕೆಲಸ ಮಾಡುವ ದಾರದಂಗಡಿಗೆ ಫೋನ್ ಮಾಡಿದೆ, ನಿನಗೆ ಹೇಳದೆ. ಬೈಯಬೇಕೆಂದರೆ ಬೈ. ನೀನು ಈಗ ದಾರದ ಕಡೆ ಕೂರುವುದೇ ಇಲ್ಲವಂತೆ. ಗಿರಾಕಿ ತಂದ ಬಟ್ಟೆಯತ್ತ ಒಮ್ಮೆ ಕಣ್ಣು ಹಾಯಿಸಿ, ಅಷ್ಟೊಂದು ಕೆಂಪುಗಳ ನಡುವಿನಿಂದ ಸರಿಯಾದ ಕೆಂಪು ದಾರ ಎಳೆದು ಕೊಡುತ್ತಿದ್ದವಳು, ಈಗ ಗುಂಡಿಯ ಡಬ್ಬಿಗಳ ಹಿಂದೆ ಕೂತಿದ್ದೀಯಂತೆ. ಗುಂಡಿಯನ್ನು ಬೆರಳಿನಿಂದಲೇ ಗುರುತು ಹಿಡಿಯಬಹುದು. ಫೋನು ಎತ್ತಿದ ಹೆಂಗಸು, "ಅವರಾಗೇ ಕೇಳ್ಕೊಂಡು ಆ ಕಡೆ ಹೋದ್ರು ಕಣ್ರೀ, ಯಾಕೋ ಗೊತ್ತಿಲ್ಲ" ಎಂದರು.

ಆಮೇಲೆ ಭಾವನಿಗೆ ಮಾಡಿದೆ. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ, ಪಾಪ. "ನಿಮ್ಮಕ್ಕನಿಗೇನು, ಗುಂಡುಕಲ್ಲಿನ ಹಾಗೆ ಇದಾಳೆ" ಎಂದರು. ಫೋನು ಇಡುವ ಮುಂಚೆ, "ನೀನು ಕಣ್ಣು ತೋರಿಸ್ಕೊಂಡಿದೀಯೇನಮ್ಮ?" ಎಂದು ಕೇಳಿದರು. ಇಷ್ಟು ವರ್ಷದಲ್ಲಿ ನನ್ನ ಊಟ ಆಯಿತೇ ಎಂದೂ ಕೇಳದ ಮನುಷ್ಯ. ನನ್ನ ಕಣ್ಣಿಗೇನು ಧಾಡಿ ಎಂದು ನಕ್ಕುಬಿಟ್ಟೆ. ಫೋನು ಇಟ್ಟ ಮೇಲೆ ಅಪ್ಪನ ನೆನಪಾಗಿ ಅಲ್ಲೇ ಕುಳಿತುಬಿಟ್ಟೆ.

ಅಪ್ಪನೂ ಹೀಗೇ ಮಾಡಿದ್ದರು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನೋಟ ಅಂಚಿನಿಂದ ಕರಗುತ್ತಾ ಬರುತ್ತಿದ್ದರೂ ಪತ್ರಿಕೆ ಹಿಡಿದು ಕೂರುತ್ತಿದ್ದರು, ಪುಟ ಮಗುಚುತ್ತಿದ್ದರು. ನಾವಿಬ್ಬರೂ ನಂಬಿದೆವು. ಬಾಗಿಲಿಗೆ ಹಣೆ ಬಡಿದುಕೊಂಡ ದಿನ ಗೊತ್ತಾಯಿತು, ಅಷ್ಟರಲ್ಲಿ ಕೈಮೀರಿತ್ತು. ಅವತ್ತು ನೀನು ಅವರ ಮೇಲೆ ಕೂಗಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ಯಾಕಪ್ಪಾ ಹೇಳಲಿಲ್ಲ, ನಾವೇನು ಹೊರಗಿನವರಾ ಎಂದು ಕೇಳಿದ್ದೆ. ಅದೇ ಮಾತನ್ನು ಈಗ ನಾನು ನಿನಗೆ ಕೇಳುತ್ತಿದ್ದೇನೆ. ನಾನೇನು ಹೊರಗಿನವಳಾ, ಅಕ್ಕ?

ಈಗ ಕಾಗದದ ಕಾರಣ. ಸಂದೇಶ ಕಳಿಸಿದರೆ ಫೋನು ಓದಿ ಹೇಳುತ್ತದೆ, ನೀನು ಏನೂ ಆಗದವಳಂತೆ ಉತ್ತರ ಕೊಡುತ್ತೀಯ. ನನ್ನ ಕಾಗೆಕಾಲು ಗುಬ್ಬಿಕಾಲು ಅಕ್ಷರವನ್ನು ಓದುವ ಫೋನು ಇನ್ನೂ ಹುಟ್ಟಿಲ್ಲ. ಇದನ್ನು ಯಾರಾದರೂ ನಿನ್ನ ಪಕ್ಕ ಕೂತು ಓದಿ ಹೇಳಲೇಬೇಕು. ಹಾಗೆ ಓದುತ್ತಿದ್ದರೆ ನನ್ನ ಅನುಮಾನ ನಿಜ. ಇಲ್ಲವಾದರೆ ನೀನೇ ಓದಿ, ತಪ್ಪುಗಳಿಗೆಲ್ಲ ಗುರುತು ಹಾಕಿ ವಾಪಸ್ ಕಳಿಸು. ನಿನ್ನಿಂದ ಬೈಸಿಕೊಳ್ಳಲು ನಾನು ಯಾವತ್ತೂ ಇಷ್ಟು ಆಸೆಪಟ್ಟಿಲ್ಲ.

ನನಗೆ ಸಿಟ್ಟಿದೆ, ಭಯವೂ ಇದೆ. ನೀನೊಬ್ಬಳೇ ಮಬ್ಬಿನಲ್ಲಿ ಕೂತು, ದುರ್ಬೀನಮ್ಮ ಎಂಬ ಹೆಸರು ಉಳಿಸಿಕೊಳ್ಳಲು ಕಿವಿಯಾನಿಸಿ ಹೆಣಗಾಡುವುದನ್ನು ನೆನೆದರೆ ಈಗಲೇ ಹೊರಟು ಬಂದುಬಿಡಬೇಕು ಎನಿಸುತ್ತದೆ. ಆ ನಲ್ಲಿಯ ಮಾತು ನಿಜ. ಕಂತನ್ನು ಮತ್ತೆ ಹಾಕಿ ಕೇಳಿದೆ. ನಾವು ಯಾರೂ ಗಮನಿಸಿರಲಿಲ್ಲ. ಬರುವ ಕಂತಿನಿಂದ, ಶುರುವಾಗುವ ಮೊದಲೇ ನಾನು ಫೋನ್ ಮಾಡುತ್ತೇನೆ. ಯಾರು ಯಾವ ಬಣ್ಣ ತೊಟ್ಟಿದ್ದಾರೆಂದು ನಾನು ಹೇಳುತ್ತೇನೆ, ಅದರ ಅರ್ಥ ನೀನು ಹೇಳು. ನನಗೆ ಬಣ್ಣ ಕಂಡರೂ ಅರ್ಥ ಯಾವತ್ತು ಹೊಳೆದಿದೆ? ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ನಾನೂ ಜೊತೆಗೆ ಬರುತ್ತೇನೆ. ಬೇಡ ಎನ್ನಬೇಡ, ನಾನು ಕೇಳುವುದಿಲ್ಲ.

ನಿನ್ನ ಮೇಲೆ ಬೆಟ್ಟದಷ್ಟು ಸಿಟ್ಟಿರುವ, ನಿನ್ನನ್ನು ಬಿಟ್ಟರೆ ಗತಿಯಿಲ್ಲದ,
ನಿನ್ನ ತಂಗಿ

ತಾ.ಕ.: ಭಾವ, ಇದನ್ನು ಗಟ್ಟಿಯಾಗಿ ಓದಬೇಡಿ, ಕಾಗದ ಮುಗಿಯಿತು ಎಂದುಬಿಡಿ. ಇದು ನಿಮ್ಮ ಕೈಯಲ್ಲೇ ಇರುತ್ತದೆಂದು ನನಗೆ ಗೊತ್ತು. ನೀವು ಕೇಳಿದ ಮರುದಿನವೇ ಹೋಗಿ ಕಣ್ಣು ತೋರಿಸಿಕೊಂಡು ಬಂದೆ. ಅಪ್ಪನ ಕಾಯಿಲೆ ನನಗೂ ಶುರುವಾಗಿದೆ, ಎಡಗಣ್ಣಿನಲ್ಲಿ. ಬೇಗ ಬಂದಿದ್ದೀರಿ, ಉಳಿಸಿಕೊಳ್ಳಬಹುದು ಎಂದು ಡಾಕ್ಟರು ಹನಿ ಔಷಧಿ ಕೊಟ್ಟಿದ್ದಾರೆ. ನೀವು ಕೇಳದಿದ್ದರೆ ನಾನು ಹೋಗುತ್ತಲೇ ಇರಲಿಲ್ಲ. ಅಕ್ಕನಿಗೆ ಮಾತ್ರ ಹೇಳಬೇಡಿ. ತನ್ನ ಕಣ್ಣು ಬಿಟ್ಟು ನನ್ನ ಕಣ್ಣಿನ ಚಿಂತೆಗೆ ಬೀಳುತ್ತಾಳೆ.