ನರ್ಸಮ್ಮನ ಪಾನಕ

ಅಜ್ಜಂಪುರ
ಮೇ 1983

ಅಮ್ಮಾ,

ನೀನು ಹೇಗಿದ್ದೀಯ ಅಂತ ಆಮೇಲೆ ಕೇಳ್ತೀನಿ, ಮೊದಲು ಇದನ್ನ ಕೇಳು. ಪಕ್ಕದ ಬೀದಿ ತೀರ್ಥಮ್ಮಜ್ಜಿಯ ಮೊಮ್ಮಗು ಬದುಕಿತು ಕಣಮ್ಮ!

ಭೇದಿಯಾದ ಮಗುಗೆ ಸಕ್ಕರೆ ಉಪ್ಪು ಬೆರೆಸಿದ ನೀರು ಕುಡಿಸ್ತಾನೇ ಇರಬೇಕು ಅಂತ ಟ್ರೈನಿಂಗ್‌ನಲ್ಲಿ ಕಲಿಸಿದ್ರಲ್ಲ, ಅದನ್ನ ಇಲ್ಲಿ ಮನೆಮನೆಗೂ ಹೇಳಿ ಬಂದಿದ್ದೆ. ನರ್ಸಮ್ಮ ಹೇಳಿದ್ದು ಔಷಧಿ ಅಲ್ವಾ? ಮಗುಗೆ ಭೇದಿ ಅಂತ ಕೇಳಿ ನಾನು ಓಡಿಹೋದ್ರೆ, ಅಜ್ಜಿ ಅದನ್ನ ಕಷಾಯದ ಹಾಗೆ ಕುದಿಸಿ, ಕಾಲುಭಾಗಕ್ಕೆ ಬತ್ತಿಸಿ, ಚಮಚದಲ್ಲಿ ಕೊಡೋಕೆ ಕೂತಿದ್ದರು! ಅಷ್ಟು ಉಪ್ಪು ಮಗುಗೆ ವಿಷವೇ. ಕಿತ್ಕೊಂಡು ಚೆಲ್ಲಿಬಿಟ್ಟೆ.

"ಇದು ಕಷಾಯ ಅಲ್ಲಜ್ಜಿ, ಪಾನಕ. ಕಾಯಿಸಿ ಆರಿಸಿದ ನೀರಿಗೆ ಬೆರೆಸಿದ್ರೆ ಆಯ್ತು" ಅಂದೆ.

"ಪಾನಕ ಅಂತ ಮೊದ್ಲೇ ಹೇಳಬಾರದೇನೇ? ಪಾನಕ ಯಾರಾದ್ರೂ ಕುದಿಸ್ತಾರಾ?" ಅಂತ ನನಗೇ ಗದರಿದರು. ಏಲಕ್ಕಿ ಹಾಕಲಾ ಅಂತಲೂ ಕೇಳಿದರು!

ಗುಟುಕು ಗುಟುಕಾಗಿ ಕುಡಿಸಿದೆವು. ಸಂಜೆ ಹೊತ್ತಿಗೆ ಮಗು ಉಚ್ಚೆ ಹೊಯ್ದು ನನ್ನ ಸೀರೆಯೆಲ್ಲ ನೆನೆಸ್ತು. ಮೈಗೆ ನೀರು ಹಿಡೀತು ಅಂತ ಅಜ್ಜಿ ಕುಣಿದಾಡಿದರು, ಜೊತೆಗೆ ನಾನೂ! ಈಗ ಊರಿನವರೆಲ್ಲ ನರ್ಸಮ್ಮನ ಪಾನಕ ಹೇಗೆ ಮಾಡೋದು ಅಂತ ಕೇಳ್ಕೊಂಡು ಬರ್ತಾರೆ.

ಒಂದು ಕೆಲಸ ಮಾಡಮ್ಮ. ನನ್ನ ಬೆನ್ನಿಗೆ ಹುಟ್ಟಿದ ಗೌರಿ ಭೇದಿಯಲ್ಲಿ ನೀರು ನೀರು ಅಂತಲೇ ಹೋದಳಲ್ಲ, ಆಗ ಅವಳ ಕಣ್ಣಿಗೆ ಬೀಳದಿರಲಿ ಅಂತ ನೀನು ಅಟ್ಟಕ್ಕೆ ಎತ್ತಿಟ್ಟ ಲೋಟ ಇನ್ನೂ ಅಲ್ಲೇ ಇದೆಯಲ್ಲ? ಇಳಿಸಿ, ಬೆಳಗಿ, ಕಡೂರು ಬಸ್ಸಲ್ಲಿ ಬರೋರ ಕೈಲಿ ಕಳಿಸು. ನೀರು ಕೊಡಬೇಡ ಅಂತ ಆಗ ದೊಡ್ಡವರೆಲ್ಲ ಹೇಳಿದ್ದರು, ನೀನೇನು ಮಾಡ್ತೀಯ.

ಇಲ್ಲಿ ಅದನ್ನ ತುಂಬಿಸಿ ಕೊಡ್ತೀನಿ.

ನಿನ್ನ
ಮಲ್ಲಿಕಾಂಬ